ಅತ್ತೆಯ ನೀರು, ನನ್ನ ಬೂದಿ

ನನ್ನ ವಿಷಯ ತೂತು. ಹೀಗೆ ನೇರವಾಗಿ ಹೇಳಿದರೆ ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ಪಗಾರ ಎಷ್ಟು ಎಂದು ಕೇಳುತ್ತಾರೆ. ಸಂಭಾವಿತರ ಭಾಷೆಯಲ್ಲಿ ಹೇಳುವುದಾದರೆ ನಾನು ರಂಧ್ರಗಳುಳ್ಳ ಘನವಸ್ತುಗಳನ್ನು ಅಭ್ಯಾಸ ಮಾಡುವ ರಸಾಯನಶಾಸ್ತ್ರಜ್ಞೆ. ಒಂದು ಹಿಡಿ ಬಿಳಿ ಪುಡಿ, ಮುಟ್ಟಿದರೆ ಮೈದಾ ಹಿಟ್ಟಿನ ಹಾಗೆ. ಅದರೊಳಗೆ ಯಾವ ಕಣ್ಣಿಗೂ ಕಾಣದಷ್ಟು ಸಣ್ಣ ಕೋಣೆಗಳು, ಕೋಣೆಯಿಂದ ಕೋಣೆಗೆ ಬಾಗಿಲುಗಳು, ಎಲ್ಲ ಬಾಗಿಲುಗಳೂ ಒಂದೇ ಅಳತೆಯವು. ಬಾಗಿಲಿಗಿಂತ ಸಣ್ಣದು ಒಳಗೆ ಹೋಗುತ್ತದೆ, ದೊಡ್ಡದು ಹೊರಗೆ ಉಳಿಯುತ್ತದೆ. ವಿಷಯ ಇಷ್ಟೇ. ಇಷ್ಟನ್ನೇ ಹಿಡಿದುಕೊಂಡು ನಾನು ಡಾಕ್ಟರೇಟು ಪಡೆದೆ, ಬಡ್ತಿ ಪಡೆದೆ, ಒಂದೆರಡು ಸಲ ವಿಮಾನದಲ್ಲಿಯೂ ಕೂತೆ.

ತೊಂಬತ್ತರ ದಶಕದ ಆರಂಭದಲ್ಲಿ ಗೋಕಾಕದ ಒಂದು ಕಾಲೇಜಿನಲ್ಲಿ ಕಲಿಸುತ್ತಿದ್ದೆ. ಬೆಳಿಗ್ಗೆ ಪಾಠ, ಮಧ್ಯಾಹ್ನ ಪ್ರಯೋಗಾಲಯ, ಸಂಜೆ ಸ್ಟಾಫ್ ರೂಮಿನಲ್ಲಿ ಚಹಾ ಮತ್ತು ಪರನಿಂದೆ. ಮದುವೆಯಾಗಿರಲಿಲ್ಲ. ಆಗುವ ಲಕ್ಷಣವೂ ಇರಲಿಲ್ಲ. ಹೀಗಿರುವಾಗ ಸಂಶೋಧನೆ ಮಾಡಬೇಕೆಂಬ ಹಟ ಹುಟ್ಟಿತು. ಮಾರ್ಗದರ್ಶಕರು ಧಾರವಾಡದಲ್ಲಿ ಸಿಕ್ಕರು. ಅವರು ನನ್ನ ಅರ್ಜಿಯನ್ನು ಓದದೆಯೇ ಮೇಜಿನ ಮೇಲಿಟ್ಟು, "ನಿಮ್ಮ ಕಡೆ ಪುಕ್ಕಟೆ ಏನು ಸಿಗತದ ಅದರಿಂದ ಶುರು ಮಾಡ್ರಿ. ರೊಕ್ಕಾ ಕೇಳಬ್ಯಾಡ್ರಿ" ಎಂದರು.

ನಮ್ಮ ಕಡೆ ಪುಕ್ಕಟೆ ಸಿಗುವುದು ಬೂದಿ. ಹುಕ್ಕೇರಿ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ರಸ ಹಿಂಡಿದ ಕಬ್ಬಿನ ಸಿಪ್ಪೆಯನ್ನು ಬಾಯ್ಲರಿಗೆ ಹಾಕಿ ಉರಿಸುತ್ತಾರೆ. ಹಂಗಾಮು ಮುಗಿಯುವ ಹೊತ್ತಿಗೆ ಗೇಟಿನ ಹಿಂದೆ ಬೂದಿಯ ದಿಬ್ಬ ಬಿದ್ದಿರುತ್ತದೆ. ಆ ಬೂದಿಯಲ್ಲಿ ಮರಳಿನ ಸತ್ವವಾದ ಸಿಲಿಕಾ ತುಂಬಿರುತ್ತದೆ, ನನ್ನ ಪುಡಿಗೆ ಬೇಕಾದದ್ದು ಅದೇ. ಗೊಬ್ಬರದ ಖಾಲಿ ಚೀಲದಲ್ಲಿ ಅದನ್ನು ತುಂಬಿಕೊಂಡು ಗೋಕಾಕದ ಬಸ್ಸು ಹತ್ತುತ್ತಿದ್ದೆ. ಒಮ್ಮೆ ಕಂಡಕ್ಟರು ಚೀಲಕ್ಕೆ ಕಾಲು ತಾಗಿಸಿ, "ಏನೈತ್ರಿ ಇದರಾಗ?" ಎಂದ. ಬೂದಿ ಎಂದೆ. ಅವನು ಕಾಲು ಹಿಂದೆ ತೆಗೆದುಕೊಂಡು, ದನಿ ತಗ್ಗಿಸಿ, "ಯಾರದ್ರಿ?" ಎಂದು ಕೇಳಿದ. ಆ ದಿನ ಚೀಲಕ್ಕೆ ಟಿಕೀಟು ಹಾಕಲಿಲ್ಲ.

ಬೂದಿಯನ್ನು ಕಾಸ್ಟಿಕ್ ಸೋಡಾದಲ್ಲಿ ಕುದಿಸಿ, ಸೋಸಿ, ಅಲ್ಯುಮಿನಿಯಮ್ಮಿನ ಲವಣ ಬೆರೆಸಿದರೆ ಗಂಜಿಯಂಥ ಒಂದು ಮುದ್ದೆಯಾಗುತ್ತದೆ. ಅದನ್ನು ಬಿಗಿಯಾಗಿ ಮುಚ್ಚಿದ ಉಕ್ಕಿನ ಪಾತ್ರೆಯಲ್ಲಿ ಹದವಾದ ಬಿಸಿಯಲ್ಲಿ ಇಡಬೇಕು. ಬೆಲ್ಲದ ಪಾಕಕ್ಕಿರುವಂತೆ ಇದಕ್ಕೂ ಹದವಿದೆ. ತಪ್ಪಿದರೆ ಕೋಣೆಗಳಿಲ್ಲದ ಬರೀ ಪುಡಿ ಸಿಗುತ್ತದೆ, ನೋಡಲು ಎರಡೂ ಒಂದೇ. ಒಳಗೆ ತೂತುಗಳಾಗಿವೆಯೋ ಇಲ್ಲವೋ ಎಂದು ಕ್ಷಕಿರಣದ ಯಂತ್ರದಲ್ಲಿ ನೋಡಬೇಕು. ಅದಕ್ಕೆ ಧಾರವಾಡಕ್ಕೆ ಕಳಿಸಿ ವಾರಗಟ್ಟಲೆ ಕಾಯಬೇಕು. ಕಾಯುವ ತಾಳ್ಮೆ ನನಗಿಲ್ಲ. ಹಾಗಾಗಿ ನನ್ನದೇ ಒಂದು ಪರೀಕ್ಷೆ ಮಾಡಿಕೊಂಡೆ. ನಮ್ಮ ಊರಿನ ಬಾವಿಯ ನೀರನ್ನು ಬಾಟಲಿಯಲ್ಲಿ ತಂದು, ಚಿಟಿಕೆ ಪುಡಿ ಹಾಕಿ ಕುಲುಕಿ, ಸಾಬೂನು ಉಜ್ಜುವುದು. ನೀರನ್ನು ಗಡಸು ಮಾಡುವ ಸುಣ್ಣವನ್ನು ಆ ತೂತುಗಳು ಹಿಡಿದುಕೊಳ್ಳುತ್ತವೆ, ಹಾಗಾಗಿ ನೊರೆ ಬಂದರೆ ಪುಡಿಯಲ್ಲಿ ತೂತುಗಳಿವೆ. ಬರದಿದ್ದರೆ ನಾನು ಮತ್ತೆ ಹುಕ್ಕೇರಿ ಬಸ್ಸು ಹಿಡಿಯಬೇಕು.

ನಮ್ಮ ಊರಿನ ನೀರನ್ನೇ ಏಕೆ ತಂದೆನೆಂದರೆ ಅದಕ್ಕಿಂತ ಗಡಸು ನೀರು ನನಗೆ ಗೊತ್ತಿರಲಿಲ್ಲ. ಊರು ಮೂಡಲಗಿ ಕಡೆಗೆ. ಅಪ್ಪನಿಗೆ ಮೂಡಲಗಿಯಲ್ಲಿ ಕಾಳುಕಡಿಯ ಅಂಗಡಿ, ಊರಲ್ಲಿ ಕಬ್ಬಿನ ಹೊಲ. ಅವರು ವ್ಯಾಪಾರಕ್ಕೆ ಮರಾಠಿ ಬಳಸುತ್ತಿದ್ದರು, ಜಗಳಕ್ಕೆ ಕನ್ನಡ. ಅವ್ವ ನಾನು ಸಣ್ಣವಳಿದ್ದಾಗಲೇ ತೀರಿಕೊಂಡಳು. ನನ್ನನ್ನು ಬೆಳೆಸಿದವಳು ಅಪ್ಪನ ಅಕ್ಕ. ನನಗೆ ಸೋದರತ್ತೆ. ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ನಾಲಿಗೆ ಹರಿತ, ಕೈ ಬಿಗಿ. ಮಜ್ಜಿಗೆ ಕೇಳಲು ಬಂದವರಿಗೆ ಮಜ್ಜಿಗೆಗಿಂತ ಮೊದಲು ಮಾತು ಕೊಡುತ್ತಿದ್ದಳು. ಆದರೆ ನನಗೆ ಅವಳೇ ತಾಯಿ, ಇದರಲ್ಲಿ ಬೇರೆ ಮಾತಿಲ್ಲ.

ಅತ್ತೆಗೆ ನೀರಿನ ನೇಮವಿತ್ತು. ನಮ್ಮ ಜೈನರಲ್ಲಿ ನೀರು ಸೋಸಿ ಕುಡಿಯುವುದು ಎಲ್ಲರಿಗೂ ಗೊತ್ತು. ಅವಳದು ಅದಕ್ಕಿಂತ ಕಟ್ಟುನಿಟ್ಟು. ಬಾವಿಯಿಂದ ಸೇದಿದ ನೀರನ್ನು ದಪ್ಪ ಅರಿವೆಯನ್ನು ಇಮ್ಮಡಿ ಮಾಡಿ ಸೋಸುವಳು. ಆಮೇಲೆ ಅರಿವೆಯ ಮೇಲೆ ಉಳಿದ, ಕಣ್ಣಿಗೆ ಕಾಣದ ಜೀವಗಳನ್ನು ಸೋಸಿದ ನೀರಿನಿಂದಲೇ ಒಂದು ಪುಟ್ಟ ಹಿತ್ತಾಳೆ ಪಾತ್ರೆಗೆ ತೊಳೆದುಕೊಳ್ಳುವಳು. ಇದಕ್ಕೆ ಜೀವಾಣಿ ಎನ್ನುತ್ತಾರೆ. ಆ ಪಾತ್ರೆಯನ್ನು ಹಗ್ಗದಲ್ಲಿ ಬಾವಿಗೆ ಇಳಿಬಿಡಬೇಕು. ಪಾತ್ರೆಯ ತಳಕ್ಕೆ ಹಗ್ಗ ಕಟ್ಟುವ ಒಂದು ಕಡಿ, ಅಂದರೆ ಬಳೆ, ಇತ್ತು. ನೀರು ಮುಟ್ಟಿದ ಮೇಲೆ ಪಾತ್ರೆ ತಾನೇ ಮಗ್ಗುಲಾಗಿ, ಒಳಗಿನದೆಲ್ಲ ಮೆಲ್ಲಗೆ ನೀರಿಗೆ ಸೇರುತ್ತಿತ್ತು. ಮೇಲಿನಿಂದ ಸುರಿದರೆ ಜೀವಗಳಿಗೆ ಪೆಟ್ಟಾಗುತ್ತದೆ. ಯಾವ ಬಾವಿಯ ಜೀವವೋ ಅದೇ ಬಾವಿಗೆ ಹೋಗಬೇಕು, ಬೇರೆ ಬಾವಿಗೆ ಬಿಟ್ಟರೆ ಬದುಕುವುದಿಲ್ಲ. ಊರಿಗೆ ನಳ ಬಂದ ಮೇಲೂ ಅವಳು ನಳದ ನೀರು ಮುಟ್ಟಲಿಲ್ಲ. ಸೋಸಿದ್ದನ್ನು ತಿರುಗಿ ಬಿಡಲು ನಳಕ್ಕೆ ಬಾವಿಯಿಲ್ಲವಲ್ಲ.

ಮುನಿಗಳು ಊರಿಗೆ ಬಂದಾಗ ಅವರ ಆಹಾರಕ್ಕೂ ಹೀಗೆ ಸೋಸಿದ ಬಾವಿ ನೀರೇ ಬೇಕು. ಊರಲ್ಲಿ ಒಬ್ಬೊಬ್ಬರೇ ಬಾವಿ ಮುಚ್ಚಿಸಿದರು, ನಮ್ಮ ಬಾವಿ ಉಳಿಯಿತು. ಹೀಗಾಗಿ ಮುನಿಗಳಿಗೆ ಆಹಾರ ನೀಡುವ ಸೇವೆ ಹೆಚ್ಚಾಗಿ ನಮ್ಮ ಮನೆಗೇ ಒದಗುತ್ತಿತ್ತು. ಆ ದಿನ ಅತ್ತೆ ಒಗೆದ ಬಿಳಿ ಸೀರೆ ಉಟ್ಟು ಬಾಗಿಲಲ್ಲಿ ಕಳಶ ಹಿಡಿದು ನಿಲ್ಲುವಳು. ಅವಳು ನಗುವುದನ್ನು ನೋಡಬೇಕಾದರೆ ಆ ದಿನ ಊರಿಗೆ ಹೋಗಬೇಕಾಗಿತ್ತು.

ಆ ಬಾವಿಯೇ ಕೆಟ್ಟಿತು. ಕಾಲುವೆ ನೀರು, ವರ್ಷವಿಡೀ ಕಬ್ಬು, ಚೀಲಗಟ್ಟಲೆ ಗೊಬ್ಬರ. ಕೆಳಗಿನ ಹೊಲಗಳು ಜವಳು ಹಿಡಿದು, ಬೇಸಿಗೆಯಲ್ಲಿ ನೆಲದ ಮೇಲೆ ಉಪ್ಪು ಬಿಳಿಬಿಳಿಯಾಗಿ ಎದ್ದು ಕೂಡತೊಡಗಿತು. ಬಾವಿಯ ನೀರು ಮೇಲೆ ಬಂತು, ಬರುತ್ತ ನೆಲದಲ್ಲಿದ್ದ ಸುಣ್ಣವನ್ನೂ ಉಪ್ಪನ್ನೂ ತಂದಿತು. ಬಟ್ಟೆಗೆ ಸಾಬೂನು ಹಚ್ಚಿದರೆ ಮೊಸರಿನ ಹಾಗೆ ಒಡೆಯುತ್ತಿತ್ತು. ತೊಗರಿಬೇಳೆ ಎಷ್ಟು ಹೊತ್ತು ಕುದಿಸಿದರೂ ಬೇಯುತ್ತಿರಲಿಲ್ಲ. ಅತ್ತೆ ಅದನ್ನು ಬೇಳೆಯ ತಪ್ಪೆಂದು ಅಪ್ಪನ ಅಂಗಡಿಯನ್ನೇ ಬಯ್ಯುತ್ತಿದ್ದಳು.

ಆಮೇಲೆ ಅತ್ತೆಗೆ ಹೊಟ್ಟೆಯ ಬದಿಯಲ್ಲಿ ನೋವು ಶುರುವಾಯಿತು. ಗೋಕಾಕದ ಡಾಕ್ಟರರು ಮೂತ್ರಪಿಂಡದಲ್ಲಿ ಹರಳು ಎಂದರು. ಒಂದು ಕಿಡ್ನಿ ಆಗಲೇ ಬಲ ಕಳೆದುಕೊಂಡಿತ್ತು. "ಆ ಬಾವಿ ನೀರ ಬಿಡಸ್ರಿ. ಇಲ್ಲಾಂದ್ರ ಇನ್ನೊಂದೂ ಉಳಿಯಂಗಿಲ್ಲ" ಎಂದು ನನಗೆ ಹೇಳಿದರು. ಗಡಸು ನೀರಿನಿಂದಲೇ ಹರಳಾಗುತ್ತದೆ ಎಂಬುದು ನೂರಕ್ಕೆ ನೂರು ಸರಿಯೆಂದು ನಾನು ಇಂದಿಗೂ ಹೇಳಲಾರೆ. ಆದರೆ ಆ ನೀರು ರುಚಿಯಿಲ್ಲವೆಂದು ಅವಳು ಕುಡಿಯುವುದನ್ನೇ ಕಡಿಮೆ ಮಾಡಿದ್ದಳು, ಅದಂತೂ ಖಂಡಿತ ಅವಳನ್ನು ಕೊಲ್ಲುತ್ತಿತ್ತು. ಮನೆಗೆ ಬಂದವಳೇ ಸೆರಗು ಕಟ್ಟಿ, ಅದೇ ಬಾವಿಗೆ ಕೊಡ ಇಳಿಸಿದಳು.

ಅಪ್ಪ ನನ್ನನ್ನು ಪಡಸಾಲೆಗೆ ಕರೆದರು. ನಮ್ಮ ಕಡೆ ಮಗಳನ್ನೂ ತಂಗಿ ಎಂದೇ ಕರೆಯುವ ರೂಢಿ. "ತಂಗಿ, ನೀರಿನ ಗಡಸು ತಗಿಯೂ ಪುಡಿ ಮಾಡಾಕತ್ತೀಯಂತಲ್ಲ. ಜಗತ್ತಿಗೆಲ್ಲಾ ಆಮ್ಯಾಲೆ ಮಾಡುವಂತಿ. ಮದಲ ನಿಮ್ಮ ಅತ್ತಿಗಿ ಮಾಡು."

ಅಲ್ಲಿಯವರೆಗೆ ನನ್ನ ಸಂಶೋಧನೆ ಬರೀ ಹಟವಾಗಿತ್ತು. ಆ ದಿನದಿಂದ ನನಗೆ ಭಯ ಹತ್ತಿಕೊಂಡಿತು.

ಕೆಲಸವನ್ನು ಕ್ರಮವಾಗಿ ಮಾಡಬೇಕೆಂದು ಮೊದಲು ಸುತ್ತಲಿನ ನೀರನ್ನೆಲ್ಲ ಪರೀಕ್ಷೆ ಮಾಡಿದೆ. ದಡ್ಡಿ ಎಂಬ ಊರಿನ ಹತ್ತಿರ ಹೊಳೆಯ ನೀರು ತಂದೆ, ಅಂಕಲಗಿಯಲ್ಲಿದ್ದ ಗೆಳತಿಯ ಮನೆಯ ಬೋರಿನ ನೀರು ತಂದೆ, ಗೋಕಾಕ ಫಾಲ್ಸಿನಿಂದ ಬರುವ ಸಹೋದ್ಯೋಗಿಗಳ ಕೈಯಲ್ಲಿ ಬಾಟಲಿ ಕೊಟ್ಟು ಕಳಿಸಿದೆ. ನಮ್ಮ ಊರಿನಲ್ಲಿ ಉಳಿದಿದ್ದ ಬಾವಿಗಳಲ್ಲಿ ಒಂದನ್ನೂ ಬಿಡಲಿಲ್ಲ. ಎಲ್ಲಕ್ಕಿಂತ ಹಗುರವಾದ, ಸಿಹಿಯಾದ ನೀರು ಊರಲ್ಲೇ ಸಿಕ್ಕಿತು. ಕಾಲುವೆಗಿಂತ ಮೇಲೆ, ಗರಸು ನೆಲದ ಸಣ್ಣ ಗುಡ್ಡ, ಮರಡಿಯ ಮೇಲಿದ್ದ ಬಾವಿ ಅದು. ನಮ್ಮ ಮನೆಯಿಂದ ನಡೆದರೆ ಎಲೆ ಅಡಿಕೆ ಅಗಿದು ಮುಗಿಯುವಷ್ಟರಲ್ಲಿ ತಲುಪಬಹುದು.

ಆ ಬಾವಿ ಬೌದ್ಧ ಧರ್ಮ ಸ್ವೀಕರಿಸಿದ ಒಂದು ಮನೆತನದ್ದು. ಅದಕ್ಕೂ ಮೊದಲು ಊರು ಅವರನ್ನು ಏನೆಂದು ಕರೆಯುತ್ತಿತ್ತೋ ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ಯಾರಿಗೂ ಬೇಡವಾದ ಮರಡಿ ನೆಲ ಅವರ ಪಾಲಿಗೆ ಬಂದಿತ್ತು, ಅವರೇ ಅಗೆದು ನೀರು ಕಂಡಿದ್ದರು. ಆ ಮನೆಯ ಹಿರಿಯಳು ಅತ್ತೆಯ ವಾರಿಗೆಯವಳು. ಹಿಂದೆ ನಮ್ಮ ಹೊಲದಲ್ಲಿ ಕಳೆ ತೆಗೆಯಲು ಬರುತ್ತಿದ್ದಳು. ಈಗ ಮಗ ಹುಕ್ಕೇರಿಯಲ್ಲಿ ಸಾಲಿ ಮಾಸ್ತರನಾಗಿದ್ದ, ಅವಳು ಯಾರ ಹೊಲಕ್ಕೂ ಹೋಗುತ್ತಿರಲಿಲ್ಲ.

ಊಟಕ್ಕೆ ಕೂತಾಗ ನಾನು ಫಲಿತಾಂಶ ಹೇಳಿದೆ. ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

"ಆ ನೀರ ಬ್ಯಾಡ" ಎಂದರು.

"ಯಾಕ ಬ್ಯಾಡ? ಬಾವಿ ನೀರ ಐತಿ. ಅತ್ತಿಯ ನೇಮಕ್ಕೂ ನಡಿತೈತಿ."

"ಯಾಕ ಅಂತ ನಿನಗ ಗೊತ್ತಿಲ್ಲೇನು? ನೀ ನಿನ್ನ ಪುಡಿ ಮಾಡು."

ಅತ್ತೆ ಒಲೆಯ ಮುಂದೆ ಕೂತಿದ್ದಳು. ಮುಂದಿನ ರೊಟ್ಟಿ ತಟ್ಟತೊಡಗಿದಳು. ಅವಳು ನನ್ನ ಪರವಾಗಿ ಮಾತಾಡುತ್ತಾಳೆಂದು ನಾನು ನಿರೀಕ್ಷಿಸಿಯೂ ಇರಲಿಲ್ಲ. ಕಳೆ ತೆಗೆಯಲು ಬಂದವರಿಗೆ ಅವಳು ನೀರು ಕೊಡುತ್ತಿದ್ದ ರೀತಿ ನನಗೆ ನೆನಪಿತ್ತು. ಅವರು ಬೊಗಸೆ ಒಡ್ಡಿ ಬಾಗಬೇಕು, ಇವಳು ನಿಂತು ಮೇಲಿನಿಂದ ಹೊಯ್ಯುವಳು, ತಂಬಿಗೆ ಎಲ್ಲಿಯೂ ತಾಗಬಾರದು.

ಹೀಗೆ ನಾನು ಪುಡಿಯನ್ನೇ ಮಾಡಿದೆ. ಬಾಟಲಿಯಲ್ಲಿ ಚಿಟಿಕೆ ಹಾಕಿ ಕುಲುಕುವುದು ಬೇರೆ, ಒಂದು ಮನೆಗೆ ನೀರು ಕೊಡುವುದು ಬೇರೆ. ಪುಡಿಯನ್ನು ಹಾಗೇ ಕೊಳವೆಗೆ ತುಂಬಿದರೆ ನೀರು ಹಾಯುವುದಿಲ್ಲ. ಜೇಡಿಮಣ್ಣು ಬೆರೆಸಿ ಕಾಳು ಕಟ್ಟಬೇಕು, ಒಣಗಿಸಬೇಕು, ಸುಡಬೇಕು. ಕಡಿಮೆ ಸುಟ್ಟರೆ ಕಾಳು ನೀರಲ್ಲಿ ಕರಗಿ ರಾಡಿಯಾಗುತ್ತದೆ. ಹೆಚ್ಚು ಸುಟ್ಟರೆ ಒಳಗಿನ ಕೋಣೆಗಳು ಕುಸಿಯುತ್ತವೆ. ಎರಡಕ್ಕೂ ನಡುವಿನ ಆ ಒಂದು ಬಿಸಿಯನ್ನು ಹುಡುಕುವುದರಲ್ಲಿ ನನ್ನ ಹರೆಯದ ಒಳ್ಳೆಯ ಭಾಗ ಕಳೆಯಿತು. ರಜೆಗಳೆಲ್ಲ ಭಟ್ಟಿಯ ಮುಂದೆ ಹೋದವು. ಸ್ಟಾಫ್ ರೂಮಿನಲ್ಲಿ ನನ್ನನ್ನು ನೋಡಿ, "ಅಜ್ಜಿಗೆ ಅರಿವಿ ಚಿಂತಿ, ಮೊಮ್ಮಗಳಿಗೆ ಗಂಡನ ಚಿಂತಿ ಅಂತಾರ. ಇವರಿಗೆ ತೂತಿನ ಚಿಂತಿ" ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ನಡುನಡುವೆ ಅತ್ತೆಗೆ ನೋವು ಬಂದು, ಗೋಕಾಕಕ್ಕೆ ಕರೆತಂದು ಸಲಾಯಿನ್ ಹಾಕಿಸುತ್ತಿದ್ದೆವು. ಆ ರಾತ್ರಿಗಳ ಮರುದಿನ ತಕ್ಕಡಿಯ ಮುಂದೆ ತೂಕ ತಪ್ಪಿ ಮತ್ತೆ ಮೊದಲಿನಿಂದ ತೂಗುತ್ತಿದ್ದೆ.

ಕೊನೆಗೆ ಆಯಿತು. ಮಾರ್ಗದರ್ಶಕರು ಕ್ಷಕಿರಣದ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು, "ಭಾಳ ಚಲೋ ಆಗೇದ" ಎಂದರು. ಅವರ ಬಾಯಲ್ಲಿ ಅದು ಹೆಚ್ಚಿನ ಮಾತು. ಮೂಡಲಗಿಯ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಸ್ಟೀಲಿನ ಉದ್ದನೆಯ ಡಬ್ಬಿ ಮಾಡಿಸಿ, ಕಾಳು ತುಂಬಿ, ನಮ್ಮ ಬಾವಿಯ ಕಟ್ಟೆಯ ಪಕ್ಕ ನಿಲ್ಲಿಸಿದೆ. ಅತ್ತೆಯ ನೇಮ ನನಗೆ ಗೊತ್ತಿದ್ದುದರಿಂದ ಮುಂಜಾಗ್ರತೆ ಮಾಡಿದ್ದೆ. ಅವಳು ಎಂದಿನಂತೆ ಅರಿವೆಯಲ್ಲಿ ಸೋಸಿ, ಜೀವಾಣಿಯನ್ನು ಬಾವಿಗೆ ಬಿಟ್ಟು, ಆಮೇಲೆ ಆ ನೀರನ್ನು ಡಬ್ಬಿಗೆ ಹೊಯ್ಯಬೇಕು. ಕೆಳಗಿನ ನಲ್ಲಿಯಿಂದ ಬಂದ ನೀರಿನಲ್ಲಿ ಸಾಬೂನು ತಿಕ್ಕಿದೆ. ಕೈತುಂಬ ನೊರೆ ಬಂತು. ಆ ನೀರಿನಲ್ಲಿ ಬೇಳೆ ಬೆಂದು ಹಿಟ್ಟಾಯಿತು. ಕಾಳು ಸುಣ್ಣ ಹಿಡಿದು ಬದಲಿಗೆ ಸೋಡಿಯಂ ಬಿಡುವುದರಿಂದ ನೀರಿನಲ್ಲಿ ಅದು ತುಸು ಹೆಚ್ಚಾಗುವುದನ್ನು ಡಾಕ್ಟರರಿಗೆ ಹೇಳಿ ಕೇಳಿದ್ದೆ, ಅಷ್ಟು ನಡೆಯುತ್ತದೆ ಎಂದಿದ್ದರು. ಅಪ್ಪ ಒಂದು ಲೋಟ ಕುಡಿದು, ಇನ್ನೊಂದು ಲೋಟ ಕುಡಿದು, ಓಣಿಯವರಿಗೆ ಕೇಳುವಂತೆ "ನಮ್ಮ ಹುಡುಗಿ ಮಾಡಿದ್ದು" ಎಂದರು. ನನಗೆ ಅಂಥ ಸಂತೋಷ ಮುಂದೆ ಯಾವ ಸನ್ಮಾನದಲ್ಲಿಯೂ ಆಗಲಿಲ್ಲ.

ಅತ್ತೆ ಲೋಟ ಕೈಯಲ್ಲಿ ಹಿಡಿದಿದ್ದಳು, ಕುಡಿದಿರಲಿಲ್ಲ.

"ಈ ಕಾಳಿನ್ಯಾಗ ತೂತು ಅದಾವ ಅಂತಿ. ಎಷ್ಟ ದೊಡ್ಡವು?"

"ಎಷ್ಟ ಸಣ್ಣವು ಅಂದ್ರ, ಯಾವ ಜೀವಾನೂ ಒಳಗ ಹೋಗಾಕ ಆಗಂಗಿಲ್ಲ. ನೀರಷ್ಟ ಹೋಗತೈತಿ."

"ಹಂಗಾದ್ರ ಒಳಗ ಯಾರೂ ಸಿಗಬೀಳಂಗಿಲ್ಲ."

"ಇಲ್ಲ."

ಅವಳಿಗೆ ಸಮಾಧಾನವಾದಂತೆ ಕಂಡಿತು. ಲೋಟವನ್ನು ಬಾಯಿಯ ಹತ್ತಿರ ಒಯ್ದು ಮತ್ತೆ ಇಳಿಸಿದಳು. "ದಿನಾ ಒದ್ದಿ ಇರತೈತಿ ಇದು. ಕಾಳಿಗೂ ಕಾಳಿಗೂ ನಡುವ ಏನರ ಹುಟ್ಟತಾವೇನು?"

ಅಪ್ಪ ಅವಳ ಬೆನ್ನ ಹಿಂದೆ ನಿಂತಿದ್ದರು. ನನಗೆ ಕಣ್ಣಿನಿಂದ ಬೇಡ ಎಂದು ಸನ್ನೆ ಮಾಡಿದರು. ಹುಟ್ಟುತ್ತವೆ ಎಂಬುದು ನನಗೆ ಗೊತ್ತಿತ್ತು. ಒದ್ದೆಯಾದ ಯಾವ ಶೋಧಕದಲ್ಲಾದರೂ ಕೆಲವೇ ದಿನಗಳಲ್ಲಿ ಲೋಳೆ ಕಟ್ಟುತ್ತದೆ, ಲೋಳೆಯೆಂದರೆ ಜೀವ. ಅಲ್ಲದೆ ಕಾಳುಗಳ ಶಕ್ತಿ ತೀರಿದಾಗ ಅವನ್ನು ಗಟ್ಟಿ ಉಪ್ಪುನೀರಿನಿಂದ ತೊಳೆಯಬೇಕು, ಆಗ ಆ ಜೀವಗಳು ಉಳಿಯುವುದಿಲ್ಲ.

"ಖರೆ ಹೇಳು" ಎಂದಳು.

ಹೇಳಿದೆ. ನಾನೇನು ಸತ್ಯಹರಿಶ್ಚಂದ್ರನ ಮನೆತನದವಳಲ್ಲ. ಆದರೆ ಅವಳ ಬಾಯಿಗೆ ಹೋಗುವ ನೀರಿನ ಬಗ್ಗೆ ಅವಳಿಗೆ ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

"ಆ ಸತ್ತವನ್ನ ಬಾವಿಗಿ ಬಿಟ್ಟರ ಏನ ಬಂತು" ಎಂದು ಅತ್ತೆ ಲೋಟದ ನೀರನ್ನು ತುಳಸಿಯ ಬುಡಕ್ಕೆ ಹೊಯ್ದಳು. ನನ್ನ ಮೇಲೆ ಸಿಟ್ಟಿರಲಿಲ್ಲ. ಎದ್ದು ಹೋಗುವಾಗ ನನ್ನ ತಲೆಯ ಮೇಲೆ ಕೈಯಿಟ್ಟು ಹೋದಳು. ಸಿಟ್ಟು ಬಂದದ್ದು ಅಪ್ಪನಿಗೆ. "ಇಲ್ಲಾ ಅಂದಿದ್ರ ನಿನ್ನ ಗಂಟ ಏನ ಹೋಗತಿತ್ತು?" ಎಂದು ಆ ರಾತ್ರಿ ನನ್ನೊಂದಿಗೆ ಮಾತು ಬಿಟ್ಟರು. ನನಗೂ ಸಿಟ್ಟು ಬಂದಿತ್ತು, ಅತ್ತೆಯ ಮೇಲೆ. ಕಣ್ಣಿಗೆ ಕಾಣದ ಲೋಳೆಗಾಗಿ ಕಣ್ಣೆದುರಿಗಿನ ನನ್ನನ್ನು ಬಿಟ್ಟು ಸಾಯಲು ಹೊರಟಿದ್ದಾಳಲ್ಲ ಎಂದು.

ಮುಂದಿನ ಚಳಿಗಾಲದಲ್ಲಿ ನೋವು ಮತ್ತೆ ಬಂತು, ಜೊತೆಗೆ ಮೈ ಊದಿಕೊಂಡಿತು. ಡಾಕ್ಟರರು ನನ್ನ ಮುಖ ನೋಡಿ, ಇನ್ನೊಂದು ಕಿಡ್ನಿಯೂ ಸೋಲತೊಡಗಿದೆ ಎಂದರು. ಮನೆಗೆ ಕರೆತಂದ ಮೇಲೆ ಅತ್ತೆ ಕೆಲವು ದಿನ ಹಾಸಿಗೆಯಲ್ಲೇ ಇದ್ದಳು. ಒಂದು ಮುಂಜಾನೆ ಎದ್ದು ಕೂತು ಹೇಳಿದಳು, "ಮರಡಿ ಬಾವಿಗಿ ಹೋಗೂಣು ನಡಿ."

ಅಪ್ಪ ಬಾಗಿಲಿಗೆ ಅಡ್ಡ ನಿಂತರು. "ಆ ನೀರ ಈ ಮನಿಯೊಳಗ ಬರಂಗಿಲ್ಲ ಅಕ್ಕಾ. ನಾಕ ಮಂದಿ ಏನಂದಾರು?" ಅತ್ತೆ ಚಪ್ಪಲಿ ಮೆಟ್ಟುತ್ತಿದ್ದಳು. ಅಪ್ಪ ದನಿ ತಗ್ಗಿಸಿದರು. "ಬೇಕಾದ್ರ ನಸುಕಿನ್ಯಾಗ ಆಳಿನ ಕಡಿಂದ ಒಂದ ಕೊಡಾ ತರಸ್ತೇನಿ. ಮುಚಿಗೊಂಡ ತರತಾನ. ಯಾರಿಗೂ ಗೊತ್ತಾಗಂಗಿಲ್ಲ."

"ತರಸ್ತಿ. ಇಲ್ಲಿ ಸೋಸತೇನಿ. ಜೀವಾಣಿ ಯಾವ ಬಾವಿಗಿ ಬಿಡ್ಲಿ?" ಎಂದಳು ಅತ್ತೆ. "ಆ ಬಾವಿದು ಆ ಬಾವಿಗೇ ಹೋಗಬೇಕು. ಮುಚಿಗೊಂಡ ತರೂ ನೀರಿಗಿ ಅದು ಆಗಂಗಿಲ್ಲ. ನಾನ ಹೋಗಬೇಕು."

"ನೇಮ ಬಿಟ್ಟರೂ ಮಾತಿಲ್ಲ, ಮುನಿಗಳ ಕಡಿಂದ ಪ್ರಾಯಶ್ಚಿತ್ತ ತಗೋಬಹುದು. ಈ ಕೆಲಸಾ ಮಾಡಬ್ಯಾಡ."

"ನೇಮಾ ತಗೊಂಡಾಕಿ ನಾ. ಅದರಾಗ ಏನೈತಿ, ಏನಿಲ್ಲ, ನನಗ ಗೊತ್ತೈತಿ. ಬಾಜೂ ಸರಿ."

ಅಪ್ಪ ಸರಿದರು. ಅಕ್ಕನನ್ನು ಮುಟ್ಟಿ ತಡೆಯುವವರಲ್ಲ ಅವರು.

ಕೊಡ, ಬಕೀಟು, ಹಗ್ಗ, ಅರಿವೆ ನನ್ನ ಕೈಯಲ್ಲಿ. ಹಿತ್ತಾಳೆ ಪಾತ್ರೆ ಅವಳ ಕೈಯಲ್ಲಿ. ಊರ ಮಂದಿಯೆಲ್ಲ ಎದ್ದು ಓಡಾಡುವ ಹೊತ್ತು. ಚಹಾದ ಅಂಗಡಿಯ ಮುಂದೆ ಹಾದಾಗ ಮಾತು ನಿಂತದ್ದು ಕೇಳಿಸಿತು. ಅತ್ತೆ ಅಲ್ಲಲ್ಲಿ ನಿಂತು ಸುಧಾರಿಸಿಕೊಳ್ಳುತ್ತ ಏರು ಹತ್ತಿದಳು. ಬಾವಿಯ ಹತ್ತಿರ ಆ ಮನೆಯ ಹಿರಿಯಳು ಪಾತ್ರೆ ತಿಕ್ಕುತ್ತಿದ್ದಳು. ನಮ್ಮನ್ನು ನೋಡಿದಳು, ಕೈ ನಿಲ್ಲಿಸಲಿಲ್ಲ.

"ನಿಮ್ಮ ಬಾವಿ ನೀರ ಬೇಕಾಗಿತ್ತವಾ" ಎಂದಳು ಅತ್ತೆ. "ಹುಷಾರಿಲ್ಲ ನನಗ."

"ಊರಿಗಿ ಬಂದಾಕಿ ನೀರಿಗಿ ಬರದ ಇರತಾಳೇನು ಅಂತಾರ. ನೀವು ಭಾಳ ತಡಾ ಮಾಡಿ ಬಂದ್ರಿ ಅಕ್ಕಾರ" ಎಂದು ಅವಳು ಎದ್ದು ನಿಂತಳು. "ಸೇದ್ಕೋರಿ. ದಿನಾ ಬಂದ ಸೇದ್ಕೋರಿ, ಬಾವಿ ಏನ ಬತ್ತಂಗಿಲ್ಲ. ಖರೆ ನಂದೊಂದ ಮಾತ ಐತಿ. ಮದಲ ಇಲ್ಲೇ ಕುಡೀರಿ. ನಮ್ಮ ಲೋಟಾದಾಗ. ಆಮ್ಯಾಲೆ ಮನಿಗಿ ಒಯ್ರಿ."

ಅವಳು ಇದನ್ನು ಜಗಳಕ್ಕಾಗಿ ಹೇಳಲಿಲ್ಲ, ನಗುತ್ತಲೂ ಹೇಳಲಿಲ್ಲ. ತಿಕ್ಕಿ ಬೋರಲು ಹಾಕಿದ್ದ ಪಾತ್ರೆಗಳಲ್ಲಿ ಒಂದು ಸ್ಟೀಲಿನ ಲೋಟ ತೆಗೆದು ಕಟ್ಟೆಯ ಮೇಲಿಟ್ಟಳು. ಅತ್ತೆ ಲೋಟವನ್ನು ನೋಡುತ್ತ ನಿಂತಳು. ವಾಪಸು ಹೊರಡುತ್ತಾಳೆ, ಇಲ್ಲಿಗೆ ಮುಗಿಯಿತು ಎಂದು ನಾನು ಅಂದುಕೊಂಡೆ.

"ಸೋಸಿ ಕುಡಿತೇನಿ" ಎಂದಳು ಅತ್ತೆ.

"ಸೋಸ್ರಿ. ಯಾರ ಬ್ಯಾಡಂದ್ರು?"

ನಾನು ನೀರು ಸೇದಿದೆ. ಮರಡಿಯ ಮೇಲೆ ಗಾಳಿ ಬಹಳ, ಕೊಡದ ಬಾಯಿಗೆ ಹೊದಿಸಿದ ಅರಿವೆ ಹಾರತೊಡಗಿತು. ನನ್ನ ಎರಡೂ ಕೈ ತುಂಬಿದ ಬಕೀಟಿನ ಮೇಲೆ. ಅತ್ತೆ ಒಂದು ತುದಿ ಹಿಡಿದು ಆ ಕಡೆ ನಿಂತವಳಿಗೆ, "ಆ ತುದಿ ಹಿಡಿಯವಾ" ಎಂದಳು. ಅವಳು ಕೈಯನ್ನು ಸೆರಗಿಗೆ ಒರೆಸಿಕೊಳ್ಳತೊಡಗಿದಳು. ಒರೆಸಿದಳು, ಮತ್ತೆ ಒರೆಸಿದಳು.

"ಸಾಕ ಹಿಡಿ. ಅರಿವಿ ಹಾರಾಕತ್ತೈತಿ."

ಇಬ್ಬರೂ ಹಿಡಿದರು, ನಾನು ಹೊಯ್ದೆ. ಅತ್ತೆ ಅರಿವೆಯನ್ನು ಮಗುಚಿ ತೊಳೆದು ಜೀವಾಣಿಯನ್ನು ಆ ಬಾವಿಗೆ ಇಳಿಸಿದಳು. ಆಮೇಲೆ ಲೋಟ ತುಂಬಿಕೊಂಡಳು. ಎತ್ತಿ ಮೇಲಿನಿಂದ ಬಾಯಿಗೆ ಹೊಯ್ದುಕೊಳ್ಳುತ್ತಾಳೆ ಎಂದುಕೊಂಡಿದ್ದೆ. ತುಟಿ ಹಚ್ಚಿ ಕುಡಿದಳು. ಇನ್ನೊಂದು ಲೋಟ ತುಂಬಿಕೊಂಡು ಅದನ್ನೂ ಕುಡಿದಳು. ಆ ಮನೆಯಾಕೆ ಮುಖ ತಿರುಗಿಸಿ ಕಬ್ಬಿನ ಕಡೆ ನೋಡುತ್ತ ನಿಂತಿದ್ದಳು.

ಇದಕ್ಕೆ ತೆತ್ತದ್ದು ಕಡಿಮೆಯಲ್ಲ. ಆ ಕೊಡ ಅಡಿಗೆಮನೆಯ ಹೊಸ್ತಿಲು ದಾಟಬಾರದೆಂದು ಅಪ್ಪ ಹೇಳಿದರು. ಅತ್ತೆ ಹಿತ್ತಲಿನ ಪತ್ರಾಸಿನ ತಗಡಿನ ಚಪ್ಪರದಡಿ ಬೇರೆ ಒಲೆ ಹೂಡಿದಳು. ಊರಿಗೆ ಹೋದಾಗ ನಾನು ಒಂದು ಹೊತ್ತು ಅಲ್ಲಿ, ಒಂದು ಹೊತ್ತು ಇಲ್ಲಿ ಉಣ್ಣುತ್ತಿದ್ದೆ. ಮರುವರ್ಷ ಮುನಿಗಳು ಬಂದಾಗ ಹಿರಿಯರು ಕೂಡಿ ಮಾತಾಡಿ ಆಹಾರದ ಸೇವೆಯನ್ನು ಬೇರೆ ಮನೆಗೆ ಕೊಟ್ಟರು. ಮುನಿಗಳಿಗೆ ಇದು ಗೊತ್ತಿತ್ತೋ ಇಲ್ಲವೋ ನಾನರಿಯೆ. ಅವರು ಹಾದು ಹೋಗುವಾಗ ಅತ್ತೆ ರಸ್ತೆಯ ಬದಿಯಲ್ಲಿ ಕೈ ಮುಗಿದು ನಿಂತಿದ್ದಳು. ಅಂದು ಚಪ್ಪರದಡಿ ಕೂತು ಅತ್ತಳು. ಅವಳು ಅಳುವುದನ್ನು ನಾನು ನೋಡಿದ್ದು ಅದೊಂದೇ ಸಲ. ನನಗೂ ಅಳು ಬಂತು, ಇಬ್ಬರೂ ಅತ್ತೆವು. ಮರುದಿನ ಬೆಳಿಗ್ಗೆ ಅವಳು ಎಂದಿನಂತೆ ಮರಡಿ ಹತ್ತಿದಳು.

ಅವಳು ಆಮೇಲೆ ಎಷ್ಟೋ ವರ್ಷ ಬದುಕಿದಳು. ಆ ನೀರಿನಿಂದಲೇ ಬದುಕಿದಳೆಂದು ನಾನು ಎಲ್ಲಿಯೂ ಬರೆದಿಲ್ಲ. ಒಬ್ಬ ರೋಗಿಯಿಂದ ಯಾವುದೂ ಸಾಬೀತಾಗುವುದಿಲ್ಲ. ನಡೆಯಲಾಗದ ಕಾಲ ಬಂದಾಗ ಆ ಮನೆಯಾಕೆಯೇ ಅಲ್ಲಿ ಸೋಸಿ, ಜೀವಾಣಿ ಬಿಟ್ಟು, ಕೊಡವನ್ನು ಮೊಮ್ಮಗಳ ತಲೆಯ ಮೇಲೆ ಹೊರಿಸಿ ಹಗಲಲ್ಲೇ ಕಳಿಸುತ್ತಿದ್ದಳು.

ನನ್ನ ವೃತ್ತಿ ಚೆನ್ನಾಗಿ ಸಾಗಿತು. ಬೂದಿಯ ಲೇಖನ ಅಚ್ಚಾಯಿತು, ಅದರಿಂದ ಬೇರೆ ಊರಿನ ದೊಡ್ಡ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು. ಈಗ ಗಾಳಿಯಲ್ಲಿನ ಅನಿಲಗಳನ್ನು ಹಿಡಿಯುವ ಹೊಸ ಪುಡಿಗಳ ಮೇಲೆ ಕೆಲಸ ಮಾಡುತ್ತೇನೆ. ಉಪನ್ಯಾಸಕ್ಕೆ ಕರೆದಲ್ಲೆಲ್ಲ ನಮ್ಮ ಬಾವಿಕಟ್ಟೆಯ ಪಕ್ಕದ ಸ್ಟೀಲಿನ ಡಬ್ಬಿಯ ಫೋಟೋ ತೋರಿಸುತ್ತೇನೆ, ಜನ ಚಪ್ಪಾಳೆ ತಟ್ಟುತ್ತಾರೆ. ಒಮ್ಮೆ ಹಿಂದಿನ ಸಾಲಿನಿಂದ ಒಬ್ಬಳು ವಿದ್ಯಾರ್ಥಿನಿ ಎದ್ದು, ಅದನ್ನು ಕೊನೆಯವರೆಗೆ ಯಾರು ಬಳಸಿದರು ಎಂದು ಕೇಳಿದಳು. ನಮ್ಮ ತಂದೆ ಎಂದೆ.

ಅದು ನಿಜ. ಅಪ್ಪ ಬೇರೆ ನೀರು ಕುಡಿಯಲಿಲ್ಲ. ಊರಿಗೆ ಹೋದಾಗಲೆಲ್ಲ ನಾನೇ ಉಪ್ಪುನೀರು ಹಾಯಿಸಿ ಕಾಳು ತೊಳೆದು ಕೊಡುತ್ತಿದ್ದೆ, ಅವರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು ನೋಡುತ್ತಿದ್ದರು. ಶೋಧಕ ಒಂದು ದಿನವೂ ಕೈಕೊಡಲಿಲ್ಲ. ಅದರಿಂದಾಗಿ ಅಪ್ಪನಿಗೆ ಸಾಯುವವರೆಗೂ ಮರಡಿಯ ಬಾವಿಗೆ ಹೋಗಬೇಕಾಗಿ ಬರಲಿಲ್ಲ.